ಸಬ್‌ಮರೀನಿನ ಎಂಜಿನ್ನೂ ಬನಹಟ್ಟಿಯ ಕಾಕಾನೂ

ನಲವತ್ತಾರು ವರ್ಷದ ಗಂಡಸು ಕಂಪ್ಯೂಟರಿನಲ್ಲಿ ಆಟವಾಡುತ್ತಾನೆ ಎಂದರೆ ಜನ ಅವನನ್ನು ನೋಡುವ ರೀತಿಯೇ ಬೇರೆ. ಇಸ್ಪೀಟು ಆಡಿದರೆ ಕ್ಷಮಿಸುತ್ತಾರೆ. ಅದರಲ್ಲಿ ನಾಲ್ಕು ಜನರ ಸಹವಾಸವಾದರೂ ಇರುತ್ತದೆ. ಮೀಸೆ ನರೆತ ಮೇಲೆ ಒಬ್ಬನೇ ಕೂತು ಪರದೆಯೊಳಗೆ ಸಬ್‌ಮರೀನ್ ನಡೆಸುವವನಿಗೆ ಕ್ಷಮೆಯಿಲ್ಲ. ಹಾಗಾಗಿ ಈ ವಿಷಯವನ್ನು ನಾನು ಇಷ್ಟು ದಿನ ಹೊರಗಿನವರ ಮುಂದೆ ಬಾಯಿ ಬಿಟ್ಟಿರಲಿಲ್ಲ. ನಾನು ಜಮಖಂಡಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಸಮುದ್ರ ನೋಡಿದ್ದು ಒಂದೇ ಸಲ, ಶಾಲೆಯ ಪ್ರವಾಸದಲ್ಲಿ. ಇಳಿದದ್ದು ಮೊಣಕಾಲಿನ ತನಕ. ಅದನ್ನು ಬಿಟ್ಟರೆ ನನಗೆ ಗೊತ್ತಿರುವ ದೊಡ್ಡ ನೀರು ಚಿಕ್ಕಪಡಸಲಗಿಯ ಬ್ಯಾರೇಜಿನ ಹಿಂದೆ ನಿಲ್ಲುವ ಕೃಷ್ಣೆ. ಅಲ್ಲಿ ಸಬ್‌ಮರೀನ್ ಬಿಡುವ ಅವಕಾಶ ಇನ್ನೂ ಬಂದಿಲ್ಲ.

ನನ್ನ ಆಟ ಶುರುವಾಗುವ ಮೊದಲೇ ಒಂದು ಪ್ರಶ್ನೆ ಕೇಳುತ್ತದೆ: ಎಂಜಿನ್ನಿಗೆ ನಿಜವಾದ ಮಿತಿ ಇರಬೇಕೋ, ಬೇಡವೋ? ಬೇಡವೆಂದರೆ ಪೂರ್ಣ ವೇಗದಲ್ಲಿ ಎಷ್ಟು ಹೊತ್ತು ಓಡಿಸಿದರೂ ಏನೂ ಆಗುವುದಿಲ್ಲ. ಬೇಕೆಂದರೆ, ಮುಳ್ಳು ಕೆಂಪು ಗೆರೆ ದಾಟಿದ ಸ್ವಲ್ಪ ಹೊತ್ತಿಗೆ ಎಂಜಿನ್ ಕಾದು ಕೈ ಕೊಡುತ್ತದೆ, ಹಡಗು ನಡುನೀರಿನಲ್ಲಿ ನಿಲ್ಲುತ್ತದೆ, ವೈರಿ ಹಡಗುಗಳು ಸಾವಕಾಶವಾಗಿ ಮೇಲೆ ಬಂದು ಬಾಂಬು ಹಾಕಿ ಹೋಗುತ್ತವೆ. ನಾನು ‘ಬೇಕು’ ಎಂದೇ ಒತ್ತಿದವನು. ಯಾಕೆಂದರೆ ನಾನು ನಮ್ಮ ಮನೆತನದ ಮೊದಲ ಪದವೀಧರ. ಬನಹಟ್ಟಿಯಲ್ಲಿ ಕಾಕಾನ, ಅಂದರೆ ನಮ್ಮ ಚಿಕ್ಕಪ್ಪನ, ಮಗ್ಗದ ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತ, ಆ ಖಟಖಟದಲ್ಲೇ ಸೂತ್ರಗಳನ್ನು ಬಾಯಿಪಾಠ ಮಾಡಿ, ಕಿಸೆಯಲ್ಲಿ ಒಂದು ಚೀಟಿಯನ್ನೂ ಇಟ್ಟುಕೊಳ್ಳದೆ ಬಿ.ಎಸ್ಸಿ. ಪಾಸಾದವನು. ಎರಡನೇ ವರ್ಷ ಒಂದು ಪೇಪರು ಹೋಗಿತ್ತು, ಖರೆ. ಅದನ್ನೂ ಮತ್ತೆ ಕಟ್ಟಿ ಸ್ವಂತ ಬುದ್ಧಿಯಿಂದಲೇ ದಾಟಿದೆ. ಅಂಥವನು ಎಂಜಿನ್ನಿನ ಮಿತಿ ತೆಗೆಸಿಕೊಂಡು ಗೆದ್ದರೆ ಅದು ಕಾಪಿ ಹೊಡೆದಂತೆಯೇ.

ನಾನು ಮಾಡಿದ ತಪ್ಪೆಂದರೆ ಹಡಗಿನ ಮೂವತ್ತು ಜನ ಸಿಬ್ಬಂದಿಗೆ ನಮ್ಮವರ ಹೆಸರಿಟ್ಟದ್ದು. ಆಟದವರು ಕೊಟ್ಟ ಪರದೇಶದ ಹೆಸರುಗಳು ನಾಲಿಗೆಗೆ ಹೊರಳಲಿಲ್ಲ. ಅಡುಗೆಗೆ ನಮ್ಮ ಓಣಿಯ ಚಹಾದಂಗಡಿಯವನನ್ನು ಹಾಕಿದೆ. ನೀರಿನೊಳಗಿನ ಸಪ್ಪಳ ಆಲಿಸುವ ಕೆಲಸಕ್ಕೆ ನಮ್ಮ ಹೆಡ್‌ಮಾಸ್ತರರನ್ನು ನೇಮಿಸಿದೆ. ಅವರಿಗೆ ಎಡಗಿವಿ ಮಂದ ಎಂಬುದು ಆಮೇಲೆ ಹೊಳೆಯಿತು. ಟಾರ್ಪಿಡೊ ಬಿಡುವವನು ನನ್ನ ಹೆಂಡತಿ ಶೈಲಾಳ ಅಣ್ಣ, ಮುಧೋಳದ ಈರಣ್ಣ. ಮೊದಲ ಹಡಗನ್ನು ಪೂರ್ಣ ವೇಗದಲ್ಲಿ ಓಡಿಸಿ, ಎಂಜಿನ್ ಸುಟ್ಟು, ಇಡೀ ಓಣಿಯನ್ನು ಮುಳುಗಿಸಿದೆ. ಅಷ್ಟಕ್ಕೆ ಸುಮ್ಮನಿರದೆ ಊಟಕ್ಕೆ ಕೂತಾಗ ಶೈಲಾಳ ಮುಂದೆ ಹೇಳಿಯೂ ಬಿಟ್ಟೆ.

“ನಮ್ಮಣ್ಣನೂ ಇದ್ನೇನ್ರಿ ಅದರಾಗ?”

“ಇದ್ದ.”

“ಮತ್ತ ನೀವು?”

“ನಾ ಕ್ಯಾಪ್ಟನ್ ಅಲ್ಲೇನು? ಆಟ ಬಂದ್ ಮಾಡಿ ಎದ್ದು ಬಂದೆ.”

ಆ ದಿನ ಎರಡನೇ ರೊಟ್ಟಿ ನನ್ನ ತಾಟಿಗೆ ಬೀಳಲಿಲ್ಲ.

ಎರಡನೇ ಹಡಗಿಗೂ ಅದೇ ಮೂವತ್ತು ಜನ. ಹದಿನಾಲ್ಕು ಯಾತ್ರೆ ಮುಗಿಸಿದ್ದರು. ಹದಿನೈದನೆಯದು ಮುಗಿದರೆ ಎಲ್ಲರಿಗೂ ಗೌರವದ ನಿವೃತ್ತಿ. ಮುಳುಗಿದರೆ ಮುಳುಗಿದಂತೆ, ಆಟವನ್ನು ಹಿಂದಿನ ಜಾಗದಿಂದ ಮತ್ತೆ ಶುರು ಮಾಡುವ ಸವಲತ್ತನ್ನೂ ನನ್ನ ಸ್ವಾಭಿಮಾನ ತೆಗೆಸಿಹಾಕಿತ್ತು. ಶೈಲಾ ನಡುನಡುವೆ, “ಅಣ್ಣ ಅರಾಮ ಅದಾನಿಲ್ಲೋ?” ಎಂದು ವಿಚಾರಿಸುತ್ತಿದ್ದಳು. ಈರಣ್ಣ ಮುಧೋಳದಲ್ಲಿ ಆರಾಮವಾಗಿಯೇ ಇದ್ದ. ಅವಳು ಕೇಳುತ್ತಿದ್ದುದು ನನ್ನ ಹಡಗಿನ ಈರಣ್ಣನ ಬಗ್ಗೆ.

ಆ ಹದಿನೈದನೇ ಯಾತ್ರೆ ಒಂದು ರವಿವಾರ ಮಧ್ಯಾಹ್ನ ಕೊನೆಗೆ ಬಂತು. ಅಂದು ಅಮಾವಾಸ್ಯೆ. ಕಾಕಾನ ಮನೆಯಲ್ಲಿ ಅಮಾವಾಸ್ಯೆಗೆ ಮಗ್ಗ ನಡೆಸುವುದಿಲ್ಲ. ಎಣ್ಣೆ ಬಿಟ್ಟು, ಕುಂಕುಮ ಹಚ್ಚಿ, ಒಂದು ದಿನ ಅವುಗಳ ಪಾಡಿಗೆ ಬಿಡುತ್ತಾರೆ. ಹೀಗಾಗಿ ಕಾಕಾ ಬಸ್ಸು ಹತ್ತಿ ನಮ್ಮ ಮನೆಗೆ ಬಂದು, ಉಂಡು, ನನ್ನ ಮಂಚದ ತುದಿಗೆ ಒರಗಿದ್ದ. ನಾನು ಲ್ಯಾಪ್‌ಟಾಪನ್ನು ತೊಡೆಯ ಮೇಲಿನ ದಿಂಬಿನ ಮೇಲೆ ಇಟ್ಟುಕೊಂಡು ಯುದ್ಧದಲ್ಲಿದ್ದೆ. ಹಿಂದೆ ಎರಡು ವೈರಿ ಹಡಗು, ಮುಂದೆ ನಮ್ಮ ಬಂದರು. ಪೂರ್ಣ ವೇಗ ಕೊಟ್ಟೆ. ಮುಳ್ಳು ಕೆಂಪಿಗೆ ಏರಿತು. ಹೆದರಲಿಲ್ಲ, ಸುತ್ತಲಿನ ನೀರು ಎಷ್ಟು ತಣ್ಣಗಿದೆ, ಶಾಖ ಎಷ್ಟು ಬೇಗ ಹೊರಗೆ ಹೋಗುತ್ತದೆ ಎಂದೆಲ್ಲ ನೋಟ್‌ಬುಕ್ಕಿನಲ್ಲಿ ಲೆಕ್ಕ ಮಾಡಿಟ್ಟಿದ್ದೆ.

“ಮಲ್ಲೂ, ಏನಲೇ ಇದು ಸಪ್ಪಳ?” ಎಂದ ಕಾಕಾ.

“ಮಾತಾಡಿಸಬ್ಯಾಡ ಕಾಕಾ. ಮೂವತ್ತು ಮಂದಿ ಜೀಂವ ಐತಿ.”

“ಮಷೀನು ಅಳಾಕತ್ತೈತಿ. ನಿಂದರಸು ಸ್ವಲ್ಪ.”

“ಲೆಕ್ಕಾ ಹಾಕೇನಿ. ಇನ್ನ ಹನ್ನೆರಡು ನಿಮಿಷ ತಡೀತೈತಿ.”

“ನಿನ್ನ ಲೆಕ್ಕಾ ಅದಕ್ಕ ಗೊತ್ತೈತೇನು?”

ಬಾಗಿಲಲ್ಲಿ ನಿಂತಿದ್ದ ಶೈಲಾ, “ಹೋದ ಸಲನೂ ಹಿಂಗ ಅಂದಿದ್ರಿ. ನಮ್ಮಣ್ಣ ಹ್ವಾದ” ಎಂದಳು.

ಕಾಕಾ ಎದ್ದು ಕೂತು ಕೈ ಎತ್ತಿದ. ಮಗ್ಗದ ಮನೆಯಲ್ಲಿ ಬಾಯಿಮಾತು ಕೇಳಿಸುವುದಿಲ್ಲ. ನಲವತ್ತು ವರ್ಷ ಅವನು ಕೈಯಿಂದಲೇ ಮಾತಾಡಿದವನು. ನೂಲು ಕಡಿಯಿತು ಎನ್ನುವುದಕ್ಕೊಂದು ಸನ್ನೆ, ಚಹಾ ಬಂತು ಎನ್ನುವುದಕ್ಕೊಂದು. ಈಗ ಅಂಗೈಯನ್ನು ಕೆಳಮುಖ ಮಾಡಿ ಗಾಳಿಯನ್ನು ಎರಡು ಸಲ ಒತ್ತಿದ. ಮಗ್ಗ ಬಂದ್ ಮಾಡು ಎಂದರ್ಥ. ಆ ಸನ್ನೆಗೆ ತಡ ಮಾಡಿದರೆ ಏನಾಗುತ್ತದೆಂದು ಚಿಕ್ಕಂದಿನಿಂದ ನನ್ನ ಬೆನ್ನಿಗೆ ಗೊತ್ತು. ನನ್ನ ಬಿ.ಎಸ್ಸಿ. ‘ಬೇಡ’ ಅನ್ನುವಷ್ಟರಲ್ಲಿ ನನ್ನ ಬೆರಳು ಎಂಜಿನ್ ನಿಲ್ಲಿಸಿಬಿಟ್ಟಿತ್ತು.

ಮುಗಿಯಿತು ಎಂದುಕೊಂಡೆ. ಶೈಲಾ ಸೆರಗಿನ ತುದಿ ಕಚ್ಚಿಕೊಂಡು ಪರದೆಯ ಹತ್ತಿರಕ್ಕೇ ಬಂದಳು. ಆದರೆ ವೈರಿ ಹಡಗುಗಳು ನೀರಿನಡಿಯ ನಮ್ಮನ್ನು ಹುಡುಕುತ್ತಿದ್ದುದೇ ಎಂಜಿನ್ನಿನ ಸಪ್ಪಳದ ಮೇಲೆ. ಸಪ್ಪಳ ನಿಂತದ್ದೇ ಅವು ಗೊಂದಲಕ್ಕೆ ಬಿದ್ದು, ಎರಡು ಸುತ್ತು ಹೊಡೆದು, ನಮ್ಮ ತಲೆಯ ಮೇಲೆಯೇ ಹಾದು, ಎತ್ತಲೋ ಹೋದವು. ಆಮೇಲೆ ನಾನು ಎಮ್ಮೆ ಹೊಡೆದುಕೊಂಡು ಹೋದಷ್ಟು ನಿಧಾನವಾಗಿ ಹಡಗನ್ನು ಬಂದರಿಗೆ ಮುಟ್ಟಿಸಿದೆ. ಮೂವತ್ತೂ ಜನ ಕ್ಷೇಮ. ನನ್ನ ಹೆಗಲು ಕಿವಿಯ ಮಟ್ಟದಿಂದ ಕೆಳಗಿಳಿದದ್ದು ನನಗೇ ಗೊತ್ತಾಯಿತು. “ಪಾರಾದ್ನಪಾ ನಮ್ಮಣ್ಣ” ಎಂದು ಶೈಲಾ ಮುಧೋಳಕ್ಕೆ ಫೋನ್ ಹಚ್ಚಲು ಹೋದಳು. ಆ ಬಡಪಾಯಿಗೆ ಏನೆಂದು ತಿಳಿಸಿ ಹೇಳಿದಳೋ.

ನನಗೆ ಹೃದಯ ತುಂಬಿ ಬಂತು. “ಕಾಕಾ, ಕಿವಿ ಅಂದ್ರ ನಿಂದು. ಸಾಲಿ ಕಲಿತಾಂವ ನಾ, ಎಂಜಿನ್ ಹೋಗತೈತಂತ ಗೊತ್ತಾಗಿದ್ದು ನಿನಗ” ಎಂದೆ.

ಕಾಕಾ ನನ್ನ ಮುಖವನ್ನೇ ನೋಡಿದ. “ಯಾವ ಎಂಜಿನ್ನಲೇ? ನಿನ್ನ ಹಡಗಿಂದು ನನಗೇನ ಗೊತ್ತು? ಈ ಡಬ್ಬಿ ಒಳಗಿನ ಫ್ಯಾನು ಚೀರಾಕತ್ತಿತ್ತಲ್ಲ, ಅದಕ್ಕ ಹೇಳಿದೆ. ಹತ್ತಿ ದಿಂಬಿನ ಮ್ಯಾಲ ಕುಂದರ್ಸೀದಿ, ಉಸರ ಹೆಂಗಾಡಬೇಕದು?”

ಲ್ಯಾಪ್‌ಟಾಪಿನ ತಳ ಮುಟ್ಟಿ ನೋಡಿದೆ. ರೊಟ್ಟಿ ಬೇಯಿಸಬಹುದಿತ್ತು. ಕಾಕಾ ಅದನ್ನು ಎರಡೂ ಕೈಯಿಂದ ಎತ್ತಿ ನೆಲದ ತಣ್ಣನೆಯ ಫರಸಿಕಲ್ಲಿನ ಮೇಲಿಟ್ಟ. ಸ್ವಲ್ಪ ಹೊತ್ತಿಗೆ ಚೀರಾಟ ನಿಂತಿತು. ಸಮುದ್ರದ ತಳದಲ್ಲಿ ಇಲ್ಲದ ಎಂಜಿನ್ನಿನ ಶಾಖವನ್ನು ಲೆಕ್ಕ ಹಾಕುತ್ತಿದ್ದವನಿಗೆ ತನ್ನ ತೊಡೆಯ ಮೇಲಿನ ಬಿಸಿ ತಿಳಿದಿರಲಿಲ್ಲ.

ಮರುದಿನ ಶಾಲೆಯಲ್ಲಿ ಶಾಖ ಹೇಗೆ ಹರಿಯುತ್ತದೆ ಎಂಬ ಪಾಠವಿತ್ತು. ಬಹಳ ಚೆನ್ನಾಗಿ ಮಾಡಿದೆ. ದಿಂಬು, ಲ್ಯಾಪ್‌ಟಾಪು, ಫ್ಯಾನು ಎಲ್ಲವನ್ನೂ ಬೋರ್ಡಿನ ಮೇಲೆ ಬಿಡಿಸಿ, “ಡಿಗ್ರಿ ಮಾಡಿದ ಮಂದೀನೂ ಹಿಂಗ ಮಾಡ್ತಾರ ನೋಡ್ರಿ” ಎಂದು ಮಕ್ಕಳನ್ನು ನಗಿಸಿದೆ. ಅವರ ಜೊತೆ ನಾನೂ ನಕ್ಕೆ. ಯಾರು ಆ ಮಂದಿ ಎಂದು ಪುಣ್ಯಕ್ಕೆ ಯಾರೂ ಕೇಳಲಿಲ್ಲ.