ಬಾಗಿಲ ದೀಪದ ರಿಜಿಸ್ಟರು

ನನ್ನ ಕೈಬರಹ ಚೆನ್ನಾಗಿದೆ. ಜಂಬಕ್ಕೆ ಹೇಳುತ್ತಿಲ್ಲ, ರೋಗಿ ತನ್ನ ಕಾಯಿಲೆಯ ಹೆಸರು ಹೇಳುವಂತೆ ಹೇಳುತ್ತಿದ್ದೇನೆ. ಕೆಟ್ಟ ಅಕ್ಷರದವರು ಏನು ಬರೆದರೂ ಆಫೀಸಿನಲ್ಲಿ ಯಾರೂ ಓದುವುದಿಲ್ಲ. ಹಾಗಾಗಿ ಅವರಿಗೆ ಸುಳ್ಳು ಬರೆಯುವ ಪ್ರಸಂಗವೇ ಬರುವುದಿಲ್ಲ. ದುಂಡಗಿನ ಅಕ್ಷರದವನ ಗತಿ ಬೇರೆ. ಅವನು ಬರೆದದ್ದೆಲ್ಲ ನಿಜದಂತೆ ಕಾಣುತ್ತದೆ. ನಾಲ್ಕು ತಿಂಗಳು ಕಳೆದರೆ ಅವನಿಗೂ ಹಾಗೇ ಕಾಣತೊಡಗುತ್ತದೆ. ಮೂರನೆಯ ಕ್ಲಾಸಿನಲ್ಲಿ ಬೆರಳಿನ ಗೆಣ್ಣಿಗೆ ಹೊಡೆದು ನನಗೆ ಕಾಪಿ ಬರೆಸಿದ ಮೇಷ್ಟ್ರನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಮದರಾಸಿನ ಮೌಂಟ್ ರೋಡಿನಲ್ಲಿ, ಬೆಂಕಿ ವಿಮೆಯ ಕಂಪನಿಯೊಂದರಲ್ಲಿ ನಾನು ಗುಮಾಸ್ತನಾಗಿದ್ದೆ. ಐದು ಮಹಡಿಯ ಕಟ್ಟಡ. ಆಗಿನ ಕಾಲಕ್ಕೆ ಅದು ಊರಿಂದ ಬಂದ ನೆಂಟರನ್ನು ಕರೆದೊಯ್ದು ತೋರಿಸುವಷ್ಟು ಎತ್ತರ. ಪ್ರತಿ ಮಹಡಿಯಲ್ಲೂ ಹಿಂಬದಿಯ ಮೆಟ್ಟಿಲ ಬಾಗಿಲ ಮೇಲೆ ಒಂದು ತಗಡಿನ ಪೆಟ್ಟಿಗೆ, ಅದಕ್ಕೆ ಕೆಂಪು ಗಾಜು, ಗಾಜಿನ ಮೇಲೆ ‘ಎಕ್ಸಿಟ್’ ಎಂಬ ಬರಹ. ಕರೆಂಟು ಹೋದ ಕೂಡಲೇ ಕೆಳಗಿನ ಕೋಣೆಯ ಬ್ಯಾಟರಿಗಳಿಂದ ಈ ದೀಪಗಳು ತಾವಾಗಿ ಹತ್ತಿಕೊಳ್ಳಬೇಕು. ಹತ್ತಿಕೊಳ್ಳುತ್ತವೆಯೇ ಎಂದು ತಿಂಗಳಿಗೊಮ್ಮೆ ಮೇನ್ ಸ್ವಿಚ್ ಆರಿಸಿ, ಮಹಡಿ ಮಹಡಿ ಹತ್ತಿ ನೋಡಿ, ಬ್ಯಾಟರಿಯ ನೀರು, ಆಸಿಡ್ಡು ಅಳೆದು ಒಂದು ರಿಜಿಸ್ಟರಿನಲ್ಲಿ ಬರೆಯಬೇಕು. ಅಕ್ಷರ ನೋಡಿ ಆ ಕೆಲಸವನ್ನು ನನಗೆ ಕಟ್ಟಿದರು. ಮನೆಯಲ್ಲಿ ಹೇಳಿದಾಗ ಹೆಂಡತಿ ಸೌಟು ಕೆಳಗಿಟ್ಟು ನಕ್ಕಳು. “ಫ್ಯೂಸ್ ಹೋದ್ರೆ ಪಕ್ಕದ ಪೋರ್ಷನ್ ಮಾಮಾನ್ನ ಕೂಗೋರು ನೀವು. ನಿಮ್ಮ ಕೈಗೆ ಐದು ಮಹಡಿ ದೀಪ ಕೊಟ್ರಾ? ಪೋದುಂ, ಸಾಕು ಬಿಡಿ, ಆ ಕಂಪನಿ ಉದ್ಧಾರ ಆದ ಹಾಗೇ!”

ಮೊದಲ ತಿಂಗಳು ನಾನು ನಿಷ್ಠೆಯಿಂದಲೇ ಸ್ವಿಚ್ ಆರಿಸಿದೆ. ಮೇ ತಿಂಗಳು, ಮಧ್ಯಾಹ್ನ ಹನ್ನೆರಡು ಗಂಟೆ. ನಾನು ಮೊದಲ ಮಹಡಿ ಹತ್ತುವಷ್ಟರಲ್ಲಿ ಮ್ಯಾನೇಜರ ಫ್ಯಾನು ನಿಂತು, ಅವರ ಬೆಲ್ಲೂ ಸದ್ದು ಮಾಡದೆ, ಅವರೇ ಕೂಗಿ ನನ್ನನ್ನು ಕರೆಸಿದರು. ಪರೀಕ್ಷೆ ಬೇಡವೆಂದು ತಾವು ಹೇಳುವುದಿಲ್ಲ, ಆದರೆ ಕರೆಂಟು ಆರಿಸದೆ ಪರೀಕ್ಷೆ ಮಾಡು ಎಂದರು. ಕರೆಂಟು ಹೋದಾಗ ಮಾತ್ರ ಉರಿಯುವ ದೀಪವನ್ನು ಕರೆಂಟು ಇರುವಾಗ ನೋಡುವುದು ಹೇಗೆ ಎಂದು ನಮ್ಮ ಹೆಡ್‌ಕ್ಲರ್ಕ್ ಶ್ರೀನಿವಾಸರಾಯರನ್ನು ಕೇಳಿದೆ. ಅವರು ನಶ್ಯ ಏರಿಸಿ, “ಅಲ್ರೀ, ದೀಪ ಇರೋದು ಗೋಡೆ ಮೇಲೆ. ರಿಜಿಸ್ಟರ್ ಇರೋದು ಮೇಜಿನ ಮೇಲೆ. ಎರಡಕ್ಕೂ ಯಾಕ್ರೀ ಗಂಟು ಹಾಕ್ತೀರಿ?” ಎಂದರು. ಐದು ಗಂಟೆಯ ಮೇಲೆ ಎಲ್ಲರೂ ಹೋದಾಗ ನೋಡಬಹುದಿತ್ತು, ಸುಳ್ಳೇಕೆ ಹೇಳಲಿ. ಆದರೆ ಐದೂ ಹತ್ತಕ್ಕೆ ಟಿ. ನಗರಕ್ಕೆ ನನ್ನ ಬಸ್ಸು.

ಹೀಗೆ ನಾನು ಪೆನ್ನಿನಿಂದ ದೀಪ ಪರೀಕ್ಷಿಸುವ ವಿದ್ಯೆ ಕಲಿತೆ. ಪ್ರತಿ ತಿಂಗಳೂ ಒಂದೇ ಅಂಕಿ ಬರೆದರೆ ಅನುಮಾನ ಬರುತ್ತದೆಂದು ಆಸಿಡ್ಡಿನ ಅಳತೆಯನ್ನು ಒಮ್ಮೆ ಐದು ಏರಿಸಿ, ಒಮ್ಮೆ ಹತ್ತು ಇಳಿಸಿ ಬರೆದೆ. ಬೇಸಿಗೆಯಲ್ಲಿ ಮರೆಯದೆ ‘ನೀರು ತುಂಬಿಸಲಾಯಿತು’ ಎಂದೆ. ವರ್ಷಕ್ಕೊಮ್ಮೆ ನಾಲ್ಕನೆಯ ಮಹಡಿಯ ಬಲ್ಬನ್ನು ನಾನೇ ಸುಟ್ಟು ನಾನೇ ಬದಲಾಯಿಸಿದೆ, ಎಲ್ಲವೂ ಕಾಗದದ ಮೇಲೆ. ನಮ್ಮ ಇನ್ಸ್‌ಪೆಕ್ಟರುಗಳು ಟಿ. ನಗರದ ಜವಳಿ ಅಂಗಡಿಗಳಿಗೆ ಹೋಗಿ ‘ನಿಮ್ಮ ಬಾಗಿಲ ದೀಪ ಉರಿಯುವುದಿಲ್ಲ’ ಎಂದು ಅಬ್ಬರಿಸಿ ಬರುವಾಗ, ಆ ದೀಪಗಳ ಬಗ್ಗೆ ನನಗೆ ತಾತ್ಸಾರವೇ ಆಗುತ್ತಿತ್ತು. ನಮ್ಮ ದೀಪಗಳ ಹತ್ತಿರ ಮನುಷ್ಯರು ಸುಳಿಯುತ್ತಿದ್ದುದು ಆಯುಧಪೂಜೆಯ ದಿನ ಮಾತ್ರ. ಟೈಪ್‌ರೈಟರು, ತಿಜೋರಿ, ಲಿಫ್ಟು ಎಲ್ಲಕ್ಕೂ ಆದ ಮೇಲೆ ನಾನೇ ಸ್ಟೂಲು ಹತ್ತಿ ಐದು ಗಾಜಿಗೂ ಗಂಧ ಬಳಿದು ಕುಂಕುಮ ಇಡುತ್ತಿದ್ದೆ. ಇಟ್ಟ ಕುಂಕುಮವನ್ನು ಒರೆಸುವುದು ಅಶುಭ. ಆರು ವರ್ಷದ ಗಂಧ ಒಂದರ ಮೇಲೊಂದು ಕೂತು ಬರಹ ಮುಚ್ಚಿಹೋಗಿತ್ತು.

ಆ ಮೆಟ್ಟಿಲಿಗೆ ಕಿಟಕಿ ಇರಲಿಲ್ಲ. ಅಲ್ಲಿ ಓಡಾಡುತ್ತಿದ್ದವನು ರೆಕಾರ್ಡ್ ರೂಮಿನ ಅಟೆಂಡರ್ ಮುನಿಯಪ್ಪ ಒಬ್ಬನೇ, ಏಕೆಂದರೆ ಲಿಫ್ಟು ಆಫೀಸರುಗಳಿಗೆ. ಹೊಸೂರಿನ ಕಡೆಯವನು. ಇಡೀ ಆಫೀಸಿನೊಡನೆ ತಮಿಳು, ನನ್ನೊಡನೆ ಮಾತ್ರ ಕನ್ನಡ. ಒಂದು ನವೆಂಬರಿನ ಮಳೆಯಲ್ಲಿ, ಮಧ್ಯಾಹ್ನ ಮೂರಕ್ಕೆ ಕರೆಂಟು ಹೋಯಿತು. ಮುನಿಯಪ್ಪ ಎದೆಯೆತ್ತರ ಫೈಲು ಹೊತ್ತು ಮೂರನೆಯ ಮಹಡಿಯಿಂದ ಇಳಿಯುತ್ತಿದ್ದ. ಒಂದು ದೀಪವೂ ಹತ್ತಲಿಲ್ಲ. ಅವನು ಬಿದ್ದ ಸದ್ದು ನನ್ನ ಮೇಜಿನವರೆಗೆ ಬಂತು. ಸೊಂಟದ ಮೂಳೆ ಮುರಿದಿತ್ತು.

ಬೊಂಬಾಯಿಯ ಹೆಡ್ ಆಫೀಸಿನಿಂದ ವಿಚಾರಣೆಗೆ ಒಬ್ಬ ಆಫೀಸರ್ ಬಂದರು. ಇದ್ದದ್ದು ಒಂದೇ ಪ್ರಶ್ನೆ. ತಪ್ಪು ಕಂಪನಿಯದಾದರೆ ಮುನಿಯಪ್ಪನಿಗೆ ಕೂತು ಮಾಡುವ ಕೆಲಸ ಕೊಟ್ಟು ಉಳಿಸಿಕೊಳ್ಳಬೇಕು, ತಪ್ಪು ಅವನದಾದರೆ ಮನೆಗೆ. ಆಫೀಸರ್ ಆರು ವರ್ಷದ ರಿಜಿಸ್ಟರನ್ನು ಪುಟ ಪುಟ ತಿರುವಿದರು. “ಇದು ನಿಮ್ಮ ಅಕ್ಷರವೇ?” ಎಂದು ಕೇಳಿದರು. ಹೌದೆಂದೆ. ಇಷ್ಟು ಅಚ್ಚುಕಟ್ಟಾದ ರಿಜಿಸ್ಟರನ್ನು ತಾವು ಎಲ್ಲೂ ನೋಡಿಲ್ಲ ಎಂದರು. ನನಗೆ ನಾಚಿಕೆಯಾಯಿತು ಎಂದು ಬರೆಯಬೇಕು; ಆಗಿದ್ದು ಸಂತೋಷ. ದೀಪಗಳು ಉರಿಯುತ್ತಿದ್ದವು, ಅಟೆಂಡರನಿಗೆ ದೃಷ್ಟಿದೋಷ ಎಂದು ತೀರ್ಮಾನವಾಯಿತು. ದೀಪ ಉರಿಯಿತೇ ಎಂದು ಅವರು ನನ್ನನ್ನು ಕೇಳಲೇ ಇಲ್ಲ. ಕೇಳಿದ್ದರೆ ನಿಜ ಹೇಳಿಬಿಡುತ್ತಿದ್ದೆ ಎಂದುಕೊಂಡು ನಾನು ಎರಡು ವಾರ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಒಂದು ಭಾನುವಾರ ಸಂಜೆ, ಹೋಗಿ ನೋಡಿ ಬನ್ನಿ ಎಂಬ ಹೆಂಡತಿಯ ಕಾಟ ತಡೆಯಲಾರದೆ, ಅರ್ಧ ಡಜನ್ ಬಾಳೆಹಣ್ಣು ಹಿಡಿದು ಎಗ್ಮೋರ್ ಸ್ಟೇಷನ್ನಿನ ಹಿಂದಿದ್ದ ಅವನ ಮನೆಗೆ ಹೋದೆ. ಚಾಪೆಯ ಮೇಲಿಂದಲೇ ಕೈ ಮುಗಿದ. “ಸಾಮಿ, ಕಣ್ ಡಾಕ್ಟ್ರಿಗೆ ತೋರಿಸ್ದೆ. ಕಣ್ಣು ಚೆನ್ನಾಗೇ ಅದೆ ಅಂತಾರೆ. ಆಫೀಸ್ನೋರು ದೀಪ ಉರೀತಿತ್ತು ಅಂತ ಕಾಗ್ದ ಕಳ್ಸವ್ರೆ. ನಂಗೆ ಕತ್ಲೆ ಬಿಟ್ರೆ ಏನೂ ಕಾಣ್ಲಿಲ್ಲ. ನೀವು ನಮ್ಮೋರು, ನೀವೇ ಹೇಳಿ. ಅವತ್ತು ದೀಪ ಉರೀತಿತ್ತಾ?”

ಕೊನೆಗೂ ಒಬ್ಬ ಕೇಳಿದ್ದ. ನಾನು ಬಾಳೆಹಣ್ಣನ್ನು ಗೋಡೆಯ ಪಕ್ಕ ಇಟ್ಟೆ. “ರಿಜಿಸ್ಟರ್‌ನಲ್ಲಿ ಹಾಗೇ ಇದೆ, ಮುನಿಯಪ್ಪ” ಎಂದೆ. ಸುಳ್ಳಲ್ಲ ನೋಡಿ.

“ನೀವು ಬರ್ದಿದ್ರೆ ಸರಿ ಬುಡಿ ಸಾಮಿ. ಡಾಕ್ಟ್ರಿಗೇನು ಗೊತ್ತು, ಕಣ್ಣೇ ಹೋಗಿರ್ಬೇಕು” ಎಂದ. ನಾನು ಏಳುವಾಗ ಹೆಂಡತಿಯನ್ನು ಕೂಗಿದ: “ಲೇ, ಬಾಗಿಲ ತಾವ ಕತ್ಲೆ. ಸಾಮಿಗೆ ದೀಪ ತೋರ್ಸು, ಎಡವಾರು.” ಆಕೆ ಚಿಮಣಿ ಹಿಡಿದು ಓಣಿಯ ಬಾಯಿಯವರೆಗೂ ಬಂದಳು.

ಮಾರನೆಯ ದಿನ ಒಂದನೆಯ ತಾರೀಕು. ಇವತ್ತಾದರೂ ಆರಿಸಿ ನೋಡೋಣವೆಂದು ಮೇನ್ ಸ್ವಿಚ್ಚಿನವರೆಗೆ ಹೋದೆ. ದೀಪ ಉರಿಯದಿದ್ದರೆ ಹಾಗೆಂದು ಬರೆಯಬೇಕು. ಬರೆದರೆ ಹಿಂದಿನ ತಿಂಗಳದ್ದನ್ನು ಕೇಳುತ್ತಾರೆ. ವಾಪಸು ಬಂದು ರಿಜಿಸ್ಟರು ತೆರೆದು ‘ಎಲ್ಲ ದೀಪಗಳೂ ಸರಿಯಾಗಿವೆ’ ಎಂದು ಬರೆದೆ. ಅಕ್ಷರ ಎಂದಿನ ಹಾಗೇ ದುಂಡಗೆ ಬಂತು.