ಬೀಳ್ಕೊಡುಗೆಯ ವಿಡಿಯೊದಲ್ಲಿ ಕಂಡುಬಂದ ಹೆಬ್ಬೆರಳಿನ ಬಗ್ಗೆ

ಸಂಖ್ಯೆ: ಆಡಳಿತ/ವಿಡಿಯೊ/ಮರುಚಿತ್ರೀಕರಣ/೧

ವಿಷಯ: ಮೊಬೈಲ್ ಫೋನಿನಲ್ಲಿ ಉತ್ತಮ ಗುಣಮಟ್ಟದ ವಿಡಿಯೊ ತೆಗೆಯುವ ಕುರಿತು.

ಉಲ್ಲೇಖ: ೧. ಟಪಾಲು ವಿಭಾಗದ ಅಕ್ಕನವರ ಬೀಳ್ಕೊಡುಗೆಯ ವಿಡಿಯೊ (ಕಾಣುವಷ್ಟು ಭಾಗ).
೨. ಅಕ್ಕನವರ ಮಗಳ ದೂರವಾಣಿ ಕರೆ (ತಿದ್ದುಪಡಿಯ ವೇಳೆ ಸೇರಿಸಿದ್ದು).

ಪ್ರಸ್ತಾವನೆ:

ಸಾಹೇಬರಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರಿಂದಲೂ ‘ಅಕ್ಕ’ ಎಂದೇ ಕರೆಸಿಕೊಂಡ ಟಪಾಲು ವಿಭಾಗದ ಮೇಲ್ವಿಚಾರಕಿಯವರು ಕಳೆದ ವಾರ ನಿವೃತ್ತರಾಗಿರುತ್ತಾರೆ. ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅವರ ಮಗಳಿಗೆ ರಜೆ ಸಿಗದ ಕಾರಣ, “ಅಮ್ಮ ಏನ್ ಮಾತಾಡ್ತಾಳೋ ಅದೊಂದು ನಂಗೆ ಬೇಕು, ಚೆನ್ನಾಗಿ ತೆಗೆದು ಕಳಿಸ್ತೀರಾ?” ಎಂದು ಅವರು ಕಚೇರಿಯನ್ನು ಕೋರಿದ್ದರು. ಹೊಸ ಫೋನು ಕೊಂಡ ಹುರುಪಿನಲ್ಲಿದ್ದ ಹೆಡ್ ಕ್ಲರ್ಕ್, “ಅದೇನ್ ಮಹಾ, ನಾನಿದೀನಲ್ಲ!” ಎಂದು ಎದೆ ತಟ್ಟಿಕೊಂಡರು. ಸದರಿಯವರು ಈಗ ಎದೆ ತಟ್ಟಿಕೊಳ್ಳುವುದನ್ನು ನಿಲ್ಲಿಸಿರುತ್ತಾರೆ.

ವಿಡಿಯೊವನ್ನು ಪರಿಶೀಲಿಸಲಾಗಿ, ಮೊದಲ ಭಾಗದಲ್ಲಿ ಹೆಡ್ ಕ್ಲರ್ಕರ ಹೆಬ್ಬೆರಳು, ಅದರ ಹಿಂದೆ ಕಿಟಕಿ, ಕಿಟಕಿಯ ಮುಂದೆ ಕಪ್ಪಗೆ ಕುಂಬಳಕಾಯಿಯಂತಹ ಒಂದು ಆಕೃತಿ ಕಂಡುಬಂದಿದ್ದು, ಅದು ಭಾಷಣ ಮಾಡುತ್ತಿದ್ದ ಸಾಹೇಬರೆಂದು ಕೆಮ್ಮಿನಿಂದ ಗುರುತಿಸಲಾಗಿದೆ. ಅಕ್ಕನವರು ಮಾತಿಗೆ ಎದ್ದ ಗಳಿಗೆಯಲ್ಲೇ ಹೆಡ್ ಕ್ಲರ್ಕರ ಶ್ರೀಮತಿಯವರು “ಬರ್ತಾ ಬ್ರೆಡ್ ತನ್ನಿ” ಎನ್ನಲು ಕರೆ ಮಾಡಿದ್ದರಿಂದ ಚಿತ್ರೀಕರಣ ನಿಂತುಹೋಯಿತು. ಗಾಬರಿಗೊಂಡ ಹೆಡ್ ಕ್ಲರ್ಕ್ ಗುಂಡಿಯನ್ನು ಎರಡು ಬಾರಿ ಒತ್ತಿದರು. ಮೊದಲ ಒತ್ತಿಗೆ ಶುರುವಾದದ್ದು ಎರಡನೆಯದಕ್ಕೆ ನಿಂತಿತು. ಅಕ್ಕನವರು ಮಾತಾಡಿದರು, ಅತ್ತರು, ಲೆಕ್ಕಪತ್ರ ವಿಭಾಗದವರನ್ನೂ ಅಳಿಸಿದರು. ಯಾವುದೂ ದಾಖಲಾಗಲಿಲ್ಲ. ಸಮಾರಂಭ ಮುಗಿದ ಮೇಲೆ ನಿಲ್ಲಿಸಲೆಂದು ಹೆಡ್ ಕ್ಲರ್ಕ್ ಒತ್ತಿದಾಗ ಅದು ಶುರುವಾಯಿತು. ಹಾಗೆಯೇ ಫೋನನ್ನು ಅಂಗಿಯ ಜೇಬಿಗೆ ಇಳಿಬಿಟ್ಟರು. ಸಂಜೆ, ನೋಡಿದರೆ ಕೆಲಸ ಹೆಚ್ಚುತ್ತದೆಂಬ ಕಚೇರಿಯ ಪದ್ಧತಿಯಂತೆ, ನೋಡದೆಯೇ ಎಲ್ಲವನ್ನೂ ಮಗಳಿಗೆ ಕಳುಹಿಸಿಕೊಟ್ಟರು.

ಆದುದರಿಂದ ಎಲ್ಲ ಸಿಬ್ಬಂದಿಗೆ ಈ ಕೆಳಕಂಡಂತೆ ತಿಳಿಯಪಡಿಸಿದೆ:

೧. ಚಿತ್ರೀಕರಣಕ್ಕೆ ಮೊದಲು ಲೆನ್ಸನ್ನು ಒರೆಸತಕ್ಕದ್ದು. ಕೇಕ್ ತಿಂದ ಕೈಯಿಂದ ಒರೆಸಿದರೆ ಅದನ್ನು ಒರೆಸಿದ್ದೆಂದು ಪರಿಗಣಿಸಲಾಗುವುದಿಲ್ಲ.

೨. ಬೆಳಕು ಮಾತಾಡುವವರ ಮುಖದ ಮೇಲಿರತಕ್ಕದ್ದು. ಕಿಟಕಿಯನ್ನು ಸರಿಸಲು ಬಾರದಿದ್ದಲ್ಲಿ ಸಾಹೇಬರನ್ನು ಸರಿಸಬಹುದು. ಅದಕ್ಕೆ ಸಾಹೇಬರ ಲಿಖಿತ ಅನುಮತಿ ಅಗತ್ಯ.

೩. ಫೋನನ್ನು ಅಡ್ಡಲಾಗಿ, ಎರಡೂ ಕೈಯಲ್ಲಿ ಹಿಡಿಯತಕ್ಕದ್ದು. ಉಸಿರು ಬಿಗಿಹಿಡಿದರೆ ಕೈ ನಡುಗದು. ಆದರೆ ಸಾಹೇಬರ ಭಾಷಣ ಮುಗಿಯುವವರೆಗೂ ಉಸಿರು ಬಿಗಿಹಿಡಿಯುವವರು ಮುಂಚಿತವಾಗಿ ವೈದ್ಯಕೀಯ ರಜೆಗೆ ಅರ್ಜಿ ಸಲ್ಲಿಸತಕ್ಕದ್ದು.

೪. ಹತ್ತಿರದ ದೃಶ್ಯ ಬೇಕಾದಲ್ಲಿ ಪರದೆಯನ್ನು ಹಿಗ್ಗಿಸದೆ ಕಾಲಿನಿಂದ ಹತ್ತಿರ ಹೋಗತಕ್ಕದ್ದು. ಕಾಲು ಇಲಾಖೆಯಿಂದ ಒದಗಿಸಲಾಗುವುದಿಲ್ಲ.

೫. ಫ್ಯಾನಿನ ಸದ್ದು ಮಾತನ್ನು ನುಂಗುವುದರಿಂದ ಫ್ಯಾನು ಆರಿಸತಕ್ಕದ್ದು. ಬೆವರುವವರು ಸದ್ದಿಲ್ಲದೆ ಬೆವರತಕ್ಕದ್ದು.

೬. ಚಿತ್ರೀಕರಣದ ವೇಳೆ ಶ್ರೀಮತಿಯವರುಗಳ ಕರೆ ಬಾರದಂತೆ ಫೋನನ್ನು ವಿಮಾನದ ಗುರುತಿಗೆ ಹಾಕತಕ್ಕದ್ದು. ಅನಂತರ ಮನೆಯಲ್ಲಿ ಉಂಟಾಗುವ ಪರಿಣಾಮಗಳಿಗೆ ಇಲಾಖೆ ಹೊಣೆಯಲ್ಲ.

೭. ಅಕ್ಕನವರು ಇದೇ ಸೋಮವಾರ ಎರಡನೆಯ ಬಾರಿಗೆ ನಿವೃತ್ತರಾಗತಕ್ಕದ್ದು. ಮೊದಲ ಸಲ ಅತ್ತ ಜಾಗದಲ್ಲೇ ಅಳತಕ್ಕದ್ದು.

ತಿದ್ದುಪಡಿ:

ಮೇಲ್ಕಂಡ ಸುತ್ತೋಲೆ ಸಹಿಗೆ ಹೋಗಿದ್ದಾಗ ಉಲ್ಲೇಖ ೨ರ ಕರೆ ಬಂದಿರುತ್ತದೆ. ಜೇಬಿನೊಳಗೆ ತೆಗೆದ ಭಾಗದಲ್ಲಿ ಚಿತ್ರ ಪೂರ್ತಿ ಕತ್ತಲಾಗಿದ್ದು, ಧ್ವನಿ ಮಾತ್ರ ಗಂಟೆ ಹೊಡೆದಂತೆ ಸ್ಪಷ್ಟವಾಗಿದೆಯೆಂದು ಮಗಳು ತಿಳಿಸಿದರು. ಅದರಲ್ಲಿ ಅಕ್ಕನವರು ಮೆಟ್ಟಿಲ ಬಳಿ ನಿಂತು ಹೆಡ್ ಕ್ಲರ್ಕರಿಗೆ ಹೇಳಿದ್ದು: “ಒಳಗೆ ಏನೇನೋ ಧೈರ್ಯದ ಮಾತಾಡ್ಬಿಟ್ಟೆ ಕಣೋ. ನಾಳೆ ಬೆಳಗ್ಗೆ ಎದ್ದು ಎಲ್ಲಿಗೆ ಹೋಗ್ಲಿ ಅಂತ್ಲೇ ಗೊತ್ತಾಗ್ತಿಲ್ಲ. ಮಗಳ ಜೊತೆ ನಾಲ್ಕು ದಿನ ಇರೋಣ ಅಂದ್ರೆ, ಅವಳಿಗೆ ಪಾಳಿ ಮೇಲೆ ಪಾಳಿ. ನಾನ್ ಹೀಗಂದೆ ಅಂತ ಅವಳಿಗೆ ಹೇಳ್ಬೇಡ.”

ಇದಕ್ಕೆ ಹೆಡ್ ಕ್ಲರ್ಕರ ಕಡೆಯಿಂದ ಮೊದಲು ಜೇಬು ತಟ್ಟಿಕೊಂಡ ಸದ್ದು ದಾಖಲಾಗಿದೆ. ಅನಂತರ, “ಅಳ್ಬೇಡಿ ಅಕ್ಕ. ವಿಡಿಯೊ ಚೆನ್ನಾಗ್ ಬಂದಿದೆ.”

ಮಗಳು ಅದನ್ನು ಕೇಳಿ, ಪಾಳಿ ಬದಲಿಸಿಕೊಂಡು, ಮೊದಲು ಸಿಕ್ಕ ಬಸ್ಸು ಹತ್ತಿ ಬಂದು, “ಚೀಲ ತುಂಬು, ನಡಿ” ಎಂದು ತಾಯಿಯನ್ನು ತಮ್ಮೊಂದಿಗೆ ಕರೆದೊಯ್ದಿರುತ್ತಾರೆ. ಮಾತು ಹೊರಗೆ ಹೋದದ್ದಕ್ಕೆ ಹೆಡ್ ಕ್ಲರ್ಕ್ ಬಸ್ ನಿಲ್ದಾಣಕ್ಕೇ ಹೋಗಿ ಕ್ಷಮೆ ಕೇಳಲಾಗಿ, ಅಕ್ಕನವರು ಅವರ ಕಿವಿ ಹಿಂಡಿ, ಆಮೇಲೆ ಅದೇ ಕೈಯಿಂದ ಅವರ ತಲೆ ಸವರಿದರೆಂದು ತಿಳಿದುಬಂದಿದೆ. ಮರುಚಿತ್ರೀಕರಣಕ್ಕೆ ಅವರು ಲಭ್ಯರಿಲ್ಲ.

ಆದರೂ ಸಭಾಂಗಣವನ್ನು ಕಾಯ್ದಿರಿಸಿ, ಕೇಕಿಗೆ ಹೇಳಿಯಾಗಿರುವುದರಿಂದ, ಸೋಮವಾರ ಅಕ್ಕನವರ ಕುರ್ಚಿಯಲ್ಲಿ ಹೆಡ್ ಕ್ಲರ್ಕ್ ಕುಳಿತು ನಿವೃತ್ತರಾಗಿ, ಮಂಗಳವಾರ ಎಂದಿನಂತೆ ಕೆಲಸಕ್ಕೆ ಹಾಜರಾಗತಕ್ಕದ್ದು.

ಸಹಿ/-
(ಅಸ್ಪಷ್ಟ, ಬರೆಯುವಾಗ ಕೈ ಅಲುಗಾಡಿದೆ)
ಆಡಳಿತಾಧಿಕಾರಿ

ಪ್ರತಿಗಳು:
೧. ಸಾಹೇಬರಿಗೆ, ಕಿಟಕಿಯಿಂದ ಸರಿಯುವ ಬಗ್ಗೆ ಸೂಕ್ತ ಕ್ರಮಕ್ಕಾಗಿ.
೨. ಹೆಡ್ ಕ್ಲರ್ಕರ ಹೆಬ್ಬೆರಳಿಗೆ, ಎಚ್ಚರಿಕೆಯೊಂದಿಗೆ.
೩. ಹೆಡ್ ಕ್ಲರ್ಕರ ಶ್ರೀಮತಿಯವರಿಗೆ, ಬ್ರೆಡ್ ತಲುಪಿದ ಬಗ್ಗೆ ದೃಢೀಕರಣ ಕೋರಿ.
೪. ಅಕ್ಕನವರಿಗೆ, ಮಗಳ ಮನೆಯ ವಿಳಾಸಕ್ಕೆ, ಮಾಹಿತಿಗಾಗಿ. ಉತ್ತರ ಕಡ್ಡಾಯವಲ್ಲ, ಬಂದಲ್ಲಿ ಎಲ್ಲ ವಿಭಾಗಗಳಲ್ಲೂ ಗಟ್ಟಿಯಾಗಿ ಓದಲಾಗುವುದು.