ಊರು ಗೆದ್ದವರಿಗೆ ಊರಿನ ಓಟೆಲ್ಲ

ಸಾಲಿಯಿಂದ ನಿವೃತ್ತಿಯಾದ ಮೇಲಾದರೂ ನೆಮ್ಮದಿಯಿಂದ ಇರಬಹುದು ಅಂದುಕೊಂಡಿದ್ದೆ. ರೋಣದಲ್ಲಿ ಗಣಿತ ಕಲಿಸಿದ ಅಕ್ಕೋರಿಗೆ ಅದು ಸಿಗುವುದಿಲ್ಲ. ಓಣಿಯಲ್ಲಿ ನಳದ ಪಾಳಿ ಹಚ್ಚುವುದಿದ್ದರೂ ನಾನೇ ಬೇಕು, ಅಣ್ಣತಮ್ಮಂದಿರು ಹಿತ್ತಲು ಅಳೆದು ಹಂಚಿಕೊಳ್ಳುವುದಿದ್ದರೂ ನಾನೇ ನಿಂತಿರಬೇಕು. ಲೆಕ್ಕ ಬರುವವರಿಗೆ ಧೈರ್ಯವೂ ಇರುತ್ತದೆ ಅಂತ ಜನ ಹೇಗೋ ನಂಬಿಬಿಟ್ಟಿದ್ದಾರೆ. ನನಗೆ ಬರುವುದು ಲೆಕ್ಕವೊಂದೇ. ಬಾಗಿಲು ಬಡಿದರೆ ಎದೆ ಹಾರುವುದು, ನಾಲ್ಕು ಮಂದಿ ಎದುರಿಗೆ ನಿಂತರೆ ಕೈ ನಡುಗುವುದು, ಇವೆಲ್ಲ ನಮ್ಮ ಮನೆಯವರಿಗಷ್ಟೇ ಗೊತ್ತು. ಇಂಥ ನನ್ನ ಕೊರಳಿಗೆ ಹೋದ ವರ್ಷ ಒಂದು ಪಕ್ಷದ ಒಳಗಿನ ಚುನಾವಣೆ ಬಂದು ಬಿತ್ತು.

ಒಂದೇ ಬಾಕಿನ ಮೇಲೆ ಇಬ್ಬರು

ಯಾವ ಪಕ್ಷ ಅನ್ನುವುದು ಬೇಡ. ರೋಣ, ನರಗುಂದ, ಗಜೇಂದ್ರಗಡ ಮೂರೂ ತಾಲೂಕಿಗೆ ಕೂಡಿ ಅವರಿಗೆ ಒಬ್ಬ ಅಧ್ಯಕ್ಷ ಬೇಕಾಗಿತ್ತು. ಪ್ರತಿ ಸಲ ಮೇಲಿನಿಂದ ಒಂದು ಹೆಸರು ಬರುತ್ತಿತ್ತು, ಇಲ್ಲಿಯವರು ಹಾರ ಹಾಕುತ್ತಿದ್ದರು. ಈ ಸಲ ಸದಸ್ಯರೇ ಓಟು ಹಾಕಿ ಆರಿಸಲಿ ಎಂದು ಆದೇಶ ಬಂತು. ಅಧ್ಯಕ್ಷರಾದವರಿಗೇ ಮುಂದೆ ಟಿಕೆಟ್ ಎಂಬ ಮಾತೂ ಇತ್ತು. ಹೀಗಾಗಿ ಇಬ್ಬರು ಗಟ್ಟಿಯಾಗಿ ನಿಂತರು. ಒಬ್ಬ ಗಜೇಂದ್ರಗಡದಲ್ಲಿ ರೈತರ ಕಾಳುಕಡಿ ಮಾರಿಸುವ ಅಡತಿ ಅಂಗಡಿ ಸಾಹುಕಾರ. ಇನ್ನೊಬ್ಬಳು ಮುಶಿಗೇರಿಯವಳು, ಸ್ವಂತ ಹೊಲ ನೋಡಿಕೊಳ್ಳುವ ಹೆಣ್ಣುಮಗಳು, ಹಿಂದೆ ಪಂಚಾಯ್ತಿ ಅಧ್ಯಕ್ಷೆಯಾಗಿದ್ದವಳು. ಇಬ್ಬರೂ ನನ್ನ ಕೈಯಲ್ಲಿ ಕಲಿತವರು.

ಒಂದು ಮುಂಜಾನೆ ಇಬ್ಬರೂ ಕೂಡಿಯೇ ಬಂದು, ನಮ್ಮ ಪಡಸಾಲೆಯ ಕಟ್ಟಿಗೆ ಬಾಕಿನ ಎರಡು ತುದಿಗೆ ಕೂತರು. ಓಟು ಹಾಕಿಸಿ ಎಣಿಸುವ ಜವಾಬ್ದಾರಿ ನಾನೇ ಹೊರಬೇಕಂತೆ. ನಿಮ್ಮ ಪಕ್ಷಕ್ಕೂ ನನಗೂ ಏನು ಸಂಬಂಧ ಎಂದು ಕೇಳಿದೆ.

"ಸಂಬಂಧ ಇಲ್ಲಂತನ ಬಂದೇವ್ರಿ ಅಕ್ಕೋರ," ಅಂದಳು ಮುಶಿಗೇರಿಯವಳು. "ಪಕ್ಷದವರ ಕೈಯಾಗ ಪೆಟ್ಟಿಗಿ ಕೊಟ್ಟರ ನಮಗಿಬ್ಬರಿಗೂ ಊಟ ಸೇರೂದಿಲ್ಲ."

ನನಗೆ ಈಗಲೇ ಊಟ ಸೇರುತ್ತಿಲ್ಲ ಎಂದು ಹೇಳಬೇಕೆನಿಸಿತು. ಅಷ್ಟರಲ್ಲಿ ಸಾಹುಕಾರ ಕೈ ಮುಗಿದ. "ನೀವು ನನ್ನ ಒಂದ ಮಾರ್ಕಿನಾಗ ನಾಪಾಸ್ ಮಾಡಿದ್ರಿ. ನಮ್ಮಪ್ಪ ಬಂದು ಕಾಲು ಹಿಡದ್ರೂ ಕೊಡಲಿಲ್ಲ. ಅವತ್ತಿನಿಂದ ನಿಮ್ಮ ಮ್ಯಾಲ ನನಗ ಭಾಳ ಸಿಟ್ಟರಿ ಅಕ್ಕೋರ, ಭಾಳ ವಿಶ್ವಾಸ."

ನ್ಯಾಯ ಇವತ್ತು ಯಾರ ಮನೆಯಲ್ಲಿ?

ಪಕ್ಷದವರು ಹೊರಗಿನ ಊರಿನಿಂದ ಒಬ್ಬ ವೀಕ್ಷಕರನ್ನು ಕಳಿಸಿದರು. ಇಸ್ತ್ರಿ ಅಂಗಿಯ, ಮೆಲ್ಲಗೆ ಮಾತಾಡುವ ಮನುಷ್ಯ. ಕೈಯಲ್ಲಿ ನಿಯಮದ ಪುಸ್ತಕ. ಓಟು ಎಣಿಸುವ ನಿಯಮ ಓದಿ ಹೇಳಿದರು: ಯಾವ ಊರಿನ ಪೆಟ್ಟಿಗೆಯಲ್ಲಿ ಯಾರಿಗೆ ಹೆಚ್ಚು ಓಟು ಬೀಳುತ್ತವೋ, ಆ ಊರಿನ ಅಷ್ಟೂ ಓಟು ಅವರವೇ.

ನನಗೆ ಸರಿಯಾಗಿ ತಿಳಿಯಲಿಲ್ಲ. ರೋಣದಲ್ಲಿ ನೂರು ಮಂದಿ ಓಟು ಹಾಕಿದರು, ಒಬ್ಬರಿಗೆ ಐವತ್ತೊಂದು, ಇನ್ನೊಬ್ಬರಿಗೆ ನಲವತ್ತೊಂಬತ್ತು ಬಿದ್ದವು ಅನ್ನಿ, ಆಗ ಏನು ಎಂದು ಕೇಳಿದೆ. ಐವತ್ತೊಂದು ಬಂದವರಿಗೆ ನೂರೂ ಸೇರುತ್ತವೆ ಅಂದರು. ಆ ನಲವತ್ತೊಂಬತ್ತು ತಾವಾಗಿಯೇ ಎದ್ದು ಆ ಕಡೆ ಹೋಗುತ್ತವೋ, ಯಾರಾದರೂ ಕೈ ಹಿಡಿದು ಕರೆದುಕೊಂಡು ಹೋಗಬೇಕೋ ಎಂದೆ. ಅವರು ನಗಲಿಲ್ಲ. ಅದು ಪಕ್ಷದ ಶಿಸ್ತು ಅಂದರು.

ಮನೆಗೆ ಬಂದು ಲೆಕ್ಕ ಹಾಕಿ ನೋಡಿದಾಗ ಬೆವರು ಬಂತು. ಒಬ್ಬರು ಎರಡು ಊರನ್ನು ನಾಕೈದು ಓಟಿನಿಂದ ಗೆದ್ದು, ಇನ್ನೊಬ್ಬರು ಮೂರನೆಯ ಊರನ್ನು ಪೂರಾ ಬಾಚಿಕೊಂಡರು ಅಂತಿಟ್ಟುಕೊಳ್ಳಿ. ಒಟ್ಟಿನಲ್ಲಿ ಕಡಿಮೆ ಓಟು ಬಂದವರೇ ಗೆದ್ದರೆಂದು ನಾನು ಸಾರಬೇಕು. ಅದೂ ಮುನ್ನೂರು ನಾನೂರು ಮಂದಿಯ ಎದುರಿಗೆ.

ಸಾಹುಕಾರನಿಗೆ ಈ ನಿಯಮ ಬಹಳ ಹಿಡಿಸಿತು. ನರಗುಂದ, ಗಜೇಂದ್ರಗಡ ಎರಡೂ ತನ್ನವು ಎಂದು ಅವನ ಅಂದಾಜು. ಮುಶಿಗೇರಿಯವಳು ಫೋನ್ ಮಾಡಿ, ತಲೆಗೊಂದು ಓಟು ಅಂದರೇನೇ ನ್ಯಾಯ, ಇದು ಅನ್ಯಾಯ ಎಂದು ತಾಸುಗಟ್ಟಲೆ ಹೇಳಿದಳು. ನನಗೂ ಹೌದೆನಿಸಿತು. ನಾಲ್ಕು ದಿನಕ್ಕೆ, ನರಗುಂದ ಅವಳ ಕಡೆ ವಾಲಿದೆ ಎಂಬ ಸುದ್ದಿ ಹಬ್ಬಿತು. ಮರುದಿನ ಅವಳದೇ ಫೋನು: ನಿಯಮ ಅಂದರೆ ನಿಯಮ, ನಡುವೆ ಬದಲಿಸಬಾರದು. ಅವಳು ಇಟ್ಟ ಕೂಡಲೇ ಸಾಹುಕಾರನದು: ಪಾಪ, ನಲವತ್ತೊಂಬತ್ತು ಮಂದಿಯ ಓಟು ಗಾಳಿಗೆ ಹೋಗಬೇಕೇನ್ರಿ? ಮುಂದಿನ ವಾರ ನರಗುಂದ ಮತ್ತೆ ಸಾಹುಕಾರನ ಕಡೆ ವಾಲಿತು, ಇಬ್ಬರೂ ಮಾತು ಅದಲುಬದಲು ಮಾಡಿಕೊಂಡರು. ನನ್ನ ಬಿಪಿ ಗುಳಿಗೆ ಒಂದಿದ್ದದ್ದು ಎರಡಾಯಿತು. ಕೊನೆಗೆ ನನ್ನ ಫೋನನ್ನು ಮನೆಯವರೇ ಎತ್ತತೊಡಗಿದರು. ಹಲೋ ಅನ್ನುವ ಬದಲು ಅವರು ಕೇಳುತ್ತಿದ್ದದ್ದು ಒಂದೇ: "ನ್ಯಾಯ ಇವತ್ತ ಯಾರ ಮನ್ಯಾಗ ಐತ್ರಿ?"

ಚಿಕ್ಕನರಗುಂದದ ಅಜ್ಜ

ಒಂದೊಂದು ದಿನ ಒಂದೊಂದು ಊರಿನಲ್ಲಿ ಓಟು. ರೋಣ, ಗಜೇಂದ್ರಗಡ ಮುಗಿದವು. ಕೊನೆಗೆ ನರಗುಂದ. ಅಲ್ಲಿ ಮಧ್ಯಾಹ್ನಕ್ಕೆ ಓಟು ಮುಗಿಸಿ, ಪೆಟ್ಟಿಗೆ ರೋಣಕ್ಕೆ ತಂದು, ಮೂರನ್ನೂ ಅಂದೇ ಎಣಿಸುವುದು ಎಂದು ನಿಗದಿಯಾಗಿತ್ತು.

ಚಿಕ್ಕನರಗುಂದದಿಂದ ಒಬ್ಬ ಅಜ್ಜ ಬಂದಿದ್ದರು. ಪಕ್ಷದ ಹಳೇ ಸದಸ್ಯರು, ಹೆಗಲ ಮೇಲೆ ಟಾವೆಲ್. ಚೀಟಿ ಹಾಕಿದ ಮೇಲೆ, ಇನ್ನು ಇದರದ್ದು ಮುಂದೇನು ಎಂದು ವಿಚಾರಿಸಿದರು. ವೀಕ್ಷಕರು ನಿಯಮ ತಿಳಿಸಿದರು. ಅಜ್ಜ ಎರಡು ಸಲ ಕೇಳಿದರು, ಮೂರನೆಯ ಸಲ ನನ್ನ ಕಡೆ ತಿರುಗಿದರು.

"ಅಂದ್ರ ನಮ್ಮ ಮಂದಿ ಕಡಿಮಿ ಬಿದ್ರ, ನಾ ಹಾಕಿದ್ದು ಆಚೀ ಕಡೆಯವರಿಗೆ ಹೊಕ್ಕೈತಿ?"

ನಾನು ಹೌದೆಂದು ತಲೆಯಾಡಿಸಿದೆ.

"ಅವರಿಗೆ ಕೊಡೂದಿದ್ರ ಮನ್ಯಾಗ ಕುಂತ ಕೊಡ್ತಿದ್ನಿ. ಈ ಬಿಸಲಾಗ ಯಾಕ ಬಂದ್ನಿ? ಕೊಡ್ರಿ ನನ್ನ ಚೀಟಿ."

ಪೆಟ್ಟಿಗೆ ತೆಗೆಯಲು ಬರುವುದಿಲ್ಲ ಎಂದು ಹೇಳಿದೆವು. ಹಾಗಾದರೆ ಎಣಿಸುವವರೆಗೆ ಅದರ ಮಗ್ಗುಲು ಬಿಟ್ಟು ಏಳುವುದಿಲ್ಲ ಎಂದು ಅಲ್ಲೇ ಕೂತರು. ಮಿರ್ಚಿ ಭಜಿ ತರಿಸಿಕೊಟ್ಟೆವು. ಒಂದು ಕೈ ಪೆಟ್ಟಿಗೆಯ ಮೇಲಿಟ್ಟು, ಇನ್ನೊಂದು ಕೈಯಿಂದ ತಿಂದರು. ಪೆಟ್ಟಿಗೆ ಟೆಂಪೋಕ್ಕೆ ಏರಿದಾಗ ಅವರೂ ಹಿಂದೆಯೇ ಏರಿದರು. ಹೊರಗಿನವರಿಗೆ ಈ ಗಾಡಿಯಲ್ಲಿ ಜಾಗವಿಲ್ಲ ಎಂದು ವೀಕ್ಷಕರು ಕೈ ಅಡ್ಡ ಹಿಡಿದರು.

ಅಜ್ಜ ಟಾವೆಲ್ ಹಾಸಿ ಕೂತರು. "ನಾ ಹೊರಗಿನಾವ ಹ್ಯಾಂಗ ಆಗ್ತೀನಿ? ನನ್ನ ಓಟು ಒಳಗೈತಿ."

ಜಮಖಾನೆ

ನರಗುಂದದಿಂದ ರೋಣದವರೆಗೆ ಆ ಅಜ್ಜನ ಮಾತೇ ನನ್ನ ತಲೆಯಲ್ಲಿ ತಿರುಗುತ್ತಿತ್ತು. ಎಣಿಕೆಗೆಂದು ಹಿಡಿದಿದ್ದ ಕಲ್ಯಾಣ ಮಂಟಪ ತುಂಬಿತ್ತು. ಎಡಕ್ಕೆ ಸಾಹುಕಾರನ ಮಂದಿ, ಬಲಕ್ಕೆ ಮುಶಿಗೇರಿಯವಳ ಮಂದಿ, ನಡುವೆ ನೆಲದ ಮೇಲೆ ಜಮಖಾನೆ, ಅದರ ಮೇಲೆ ಮೂರು ಪೆಟ್ಟಿಗೆ.

ವೀಕ್ಷಕರನ್ನು ಮಗ್ಗುಲಿಗೆ ಕರೆದು, ಈ ನಿಯಮದಿಂದ ಎಣಿಸಲು ನನಗೆ ಮನಸ್ಸು ಒಪ್ಪುತ್ತಿಲ್ಲ, ಮೇಲಿನವರನ್ನು ಕೇಳಿ ಎಂದೆ. ಅವರಿಗೂ ಗದ್ದಲದ ಹೆದರಿಕೆ ಇತ್ತು. ಫೋನ್ ಮಾಡಿದರು. ಅಭ್ಯರ್ಥಿಗಳಿಬ್ಬರೂ ಒಪ್ಪಿದರೆ ಏನು ಬೇಕಾದರೂ ಮಾಡಿಕೊಳ್ಳಿ, ಗಲಾಟೆ ಮಾತ್ರ ಆಗಬಾರದು ಎಂದು ಉತ್ತರ ಬಂತು.

ಇಬ್ಬರನ್ನೂ ಎದುರಿಗೆ ಕರೆದೆ. ಸಾಲಿಯಲ್ಲಿ ಕರೆಯುತ್ತಿದ್ದ ಹಾಗೆಯೇ ಕರೆದೆನಂತೆ, ಇಬ್ಬರೂ ಕೈ ಕಟ್ಟಿ ನಿಂತರು. "ಪೆಟ್ಟಿಗಿ ಇನ್ನೂ ಮುಚ್ಚೇವ. ಊರಿನ ಲೆಕ್ಕ ತನಗ ಲಾಭ ಅಂತ ಯಾರಿಗೆ ಖಾತ್ರಿ ಐತಿ, ಅವರು ಈಗ ಹೇಳ್ರಿ. ತೆರದ ಮ್ಯಾಲ ಹೇಳಿದ್ದು ನಾ ಕೇಳೂದಿಲ್ಲ."

ಸಾಹುಕಾರ ಅವಳ ಮುಖ ನೋಡಿದ. ಅವಳು ಅವನ ಮುಖ ನೋಡಿದಳು. ತಿಂಗಳಿಡೀ ಖಾತ್ರಿಯಿಂದ ಮಾತಾಡಿದ ಇಬ್ಬರಲ್ಲಿ ಒಬ್ಬರ ಬಾಯಿಂದಲೂ ಶಬ್ದ ಹೊರಡಲಿಲ್ಲ. ಕೂಡಿಸಿ ಎಣಿಸೋಣವೇ ಎಂದೆ. ಇಬ್ಬರೂ ಒಟ್ಟಿಗೇ ಹೂಂ ಅಂದರು.

ಅವರ ಮನಸ್ಸು ತಿರುಗುವ ಮೊದಲೇ ಮೂರೂ ಪೆಟ್ಟಿಗೆ ಜಮಖಾನೆಯ ಮೇಲೆ ಸುರುವಿಸಿದೆ. ಕೈ ನಡುಗುತ್ತಿತ್ತು. ಮಂದಿಗೆ ಕಾಣಬಾರದೆಂದು ಎರಡೂ ಕೈಯಿಂದ ಚುರುಮರಿ ಕಲಸಿದ ಹಾಗೆ ಕಲಸುತ್ತಲೇ ಇದ್ದೆ. ಚೀಟಿ ಚೆನ್ನಾಗಿ ಬೆರೆತದ್ದು ಹಾಗೆ, ಅದರಲ್ಲಿ ನನ್ನ ಹುಷಾರಿ ಏನಿಲ್ಲ.

ಅಜ್ಜ ಬಗ್ಗಿ ನೋಡುತ್ತಿದ್ದರು. "ನನ್ನ ಚೀಟಿ ಯಾವುದಂತ ನನಗ ಗೊತ್ತಾಗವಲ್ದು," ಅಂದರು. ಯಾರಿಗೂ ಗೊತ್ತಾಗಬಾರದು, ಅದಕ್ಕೇ ಹೀಗೆ ಎಂದು ಸಮಾಧಾನ ಹೇಳಿದೆ. ಅಜ್ಜ ನನ್ನ ಕಿವಿಯ ಹತ್ತಿರ ಬಂದರು. "ಹಂಗಿದ್ರ ಚಲೋ ಆತ್ರಿ. 'ನಿಮಗ ಹಾಕೀನಿ' ಅಂತ ಇಬ್ಬರಿಗೂ ಹೇಳೀನಿ."

ಯಾವೂರು?

ಮುಶಿಗೇರಿಯವಳು ಗೆದ್ದಳು, ಸ್ವಲ್ಪದರಲ್ಲಿ. ಸಾಹುಕಾರ ಇನ್ನೊಮ್ಮೆ ಎಣಿಸಿರಿ ಅಂದ, ಎಣಿಸಿದೆವು, ಅಷ್ಟೇ ಬಂತು. ಅವನು ಅವಳಿಗೆ ಕೈ ಮುಗಿದು, ನನ್ನ ಕಡೆ ನೋಡದೆ ಹೋದ. ನನಗೆ ಅದೇ ಚಿಂತೆಯಾಯಿತು. ಮನೆಯವರಿಗೆ ಬಾಗಿಲ ಚಿಲಕ ಗಟ್ಟಿಯಾಗಿ ಹಾಕಲು ಹೇಳಿದೆ.

ಎಂಟು ದಿನಕ್ಕೆ ಹೊಸ ಅಧ್ಯಕ್ಷೆ ಧಾರವಾಡ ಪೇಡೆ ಹಿಡಿದುಕೊಂಡು ಬಂದಳು. ಮೂರೂ ಊರಿನವರು ಬೇರೆ ಬೇರೆಯಾಗಿ ಬಂದು ಹಾರ ಹಾಕಿ, ನಮ್ಮೂರಿನಿಂದಲೇ ನೀವು ಗೆದ್ದದ್ದು ಎಂದು ಹೇಳಿ ಹೋದರಂತೆ. ಹೌದೋ ಅಲ್ಲವೋ ತಿಳಿಯುವ ದಾರಿಯಿಲ್ಲ, ಚೀಟಿಯೆಲ್ಲ ಬೆರೆತಿದ್ದವಲ್ಲ. ಯಾರಿಗೆ ಮೊದಲು ಋಣ ತೀರಿಸಬೇಕೆಂಬ ಚಿಂತೆ ಅವಳಿಗೆ ಹತ್ತಿತ್ತು.

ಅವಳು ಹೋದ ಮಧ್ಯಾಹ್ನವೇ ಬಾಗಿಲು ಬಡಿದ ಸಪ್ಪಳವಾಯಿತು. ಸಾಹುಕಾರ. ಅವನು ಬಂದು ಅದೇ ಬಾಕಿನ ಮೇಲೆ ಕೂತ, ಚಹಾ ಕುಡಿದ, ಇನ್ನೊಂದು ಕಪ್ಪು ಕೇಳಿದ. ನಾನೇ ತಡೆಯಲಾರದೆ ಏನಾಯಿತಪ್ಪಾ ಎಂದೆ.

ಗಜೇಂದ್ರಗಡದವರು ಅವನ ಅಂಗಡಿಗೆ ಬಂದು, ನಮ್ಮೂರು ಪೂರಾ ನಿಮಗೇ ಹಾಕಿತ್ತು, ರೋಣದವರು ಕೈಕೊಟ್ಟರು ಎಂದು ಕಣ್ಣೀರು ತೆಗೆದರಂತೆ. ರೋಣದವರನ್ನು ಕೇಳಿದರೆ, ನಾವೆಲ್ಲ ನಿಮಗೇ ಹಾಕಿದ್ದು, ಹಾಳು ಮಾಡಿದವರು ನರಗುಂದದವರು ಅಂದರಂತೆ. ನರಗುಂದದವರು ಆಣೆ ಮಾಡಿ ಗಜೇಂದ್ರಗಡದ ಕಡೆ ಬೆರಳು ತೋರಿಸಿದರಂತೆ.

"ಅಕ್ಕೋರ, ನನಗ ಸಿಟ್ಟಿಲ್ರಿ," ಅಂದ. "ಒಂದ ಲೆಕ್ಕ ಬಗಿಹರಿವಲ್ದು, ಅದನ್ನಷ್ಟ ಹೇಳ್ರಿ. ಮೂರೂ ಊರಾಗ ಗೆದ್ದ ಮನಶಾ ನಾ, ಸೋತದ್ದು ಯಾವೂರಾಗ?"